1938ರ ಮುಂಬಯಿ ಪ್ರಾಂತ್ಯದ ಧನವಿನಿಯೋಗ ಕಾಯ್ದೆ ಎಲ್ಲಿ ಸಿಗುತ್ತದೆ?

ಎಲ್ಲೂ ಸಿಗುವುದಿಲ್ಲ. ಬಜೆಟ್ಟಿನ ಹಣ ಖರ್ಚು ಮಾಡಲು ಸರ್ಕಾರಕ್ಕೆ ಅಧಿಕಾರ ಕೊಡುವ ಅಂಥ ಕಾಯ್ದೆಯೇ ಆಗ ಇರಲಿಲ್ಲ. ಮುಂಬಯಿಗೆ ಹೋಗಲಾ, ಲಂಡನ್ನಿನಿಂದ ದಾಖಲೆ ತರಿಸಲಾ, ಇಲ್ಲ ಪಿಎಚ್‌ಡಿ ವಿಷಯವನ್ನೇ ಬದಲಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಮೂರೂ ಬೇಡ.

ನನ್ನ ಪಿಎಚ್‌ಡಿ ವಿಷಯವೂ ಹೆಚ್ಚುಕಡಿಮೆ ಇದೇ ಆಗಿತ್ತು. ಧಾರವಾಡ ಜಿಲ್ಲೆಯ ಕೆರೆ, ರಸ್ತೆಗಳಿಗೆ ಕಾಂಗ್ರೆಸ್ ಸರ್ಕಾರ ಮಾಡಿದ ಖರ್ಚು. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಬಿ. ಜಿ. ಖೇರ್ ಪ್ರಧಾನಿ (ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರನ್ನೂ ಆಗ ಹಾಗೇ ಕರೆಯುತ್ತಿದ್ದರು), ಎ. ಬಿ. ಲಠ್ಠೆ ಹಣಕಾಸು ಮಂತ್ರಿ. ಬಜೆಟ್ ಭಾಷಣ ಸಿಕ್ಕಿತು, ಸರ್ಕಾರ ಸಭೆಯ ಮುಂದಿಟ್ಟ ಹಣದ ಬೇಡಿಕೆಗಳ ಮೇಲಿನ ಚರ್ಚೆ ಸಿಕ್ಕಿತು. ಕಾಯ್ದೆ ಮಾತ್ರ ಇಲ್ಲ. ಕಾಯ್ದೆಗಳ ಸಂಪುಟ ತಿರುವಿದ್ದೇ ತಿರುವಿದ್ದು. ಒಂದು ವರ್ಷದ್ದರಲ್ಲಿ ಕಾಣದಿದ್ದಾಗ ಹಾಳೆ ಹರಿದಿರಬೇಕು ಅಂದುಕೊಂಡೆ. ಮುಂದಿನ ವರ್ಷದ್ದರಲ್ಲೂ ಇಲ್ಲ. ಆಗಲಾದರೂ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ.

ಯಾಕೆಂದರೆ ನನ್ನ ತಲೆಯಲ್ಲಿ ಇದ್ದದ್ದು ಇವತ್ತಿನ ಸಂವಿಧಾನ. 204ನೇ ವಿಧಿ ಪ್ರಕಾರ ಅನುದಾನಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಧನವಿನಿಯೋಗ ವಿಧೇಯಕ ಬರಬೇಕು. ಅದನ್ನೇ ಸುಮ್ನೆ 1938ಕ್ಕೂ ಅಂಟಿಸಿಬಿಟ್ಟೆ. 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಬಜೆಟ್ ಮಂಡಿಸುವ 78ನೇ ಕಲಂ ಓದಿದ್ದೆ, ವೋಟಿನ 79ನೇ ಕಲಂ ಓದಿದ್ದೆ. ವೋಟಾಯಿತಲ್ಲ, ಕೆಲಸ ಮುಗಿಯಿತು ಅಂತ ಅಲ್ಲೇ ಪುಸ್ತಕ ಮುಚ್ಚಿದೆ. ಬೇಕಾದದ್ದು ಮುಂದಿನ ಪುಟದ 80ರಲ್ಲಿತ್ತು. ಗವರ್ನರ್ ಒಂದು ಷೆಡ್ಯೂಲಿಗೆ, ಅಂದರೆ ಖರ್ಚಿನ ಪಟ್ಟಿಗೆ, ಸಹಿ ಹಾಕುತ್ತಾರೆ. ಅದರಲ್ಲಿ ಇಲ್ಲದ ಖರ್ಚು ಅಧಿಕೃತವಲ್ಲ. ಷೆಡ್ಯೂಲನ್ನು ಸಭೆಯ ಮುಂದೆ ಇಡಬೇಕು, ಆದರೆ ಚರ್ಚೆ ಇಲ್ಲ, ವೋಟೂ ಇಲ್ಲ.

ಇದು ಗೊತ್ತಿಲ್ಲದೆ "ವಿಧಾನಸಭೆಯ ವೋಟೇ ಖರ್ಚಿಗೆ ಕಾನೂನಿನ ಆಧಾರ" ಅಂತ ಇಡೀ ಅಧ್ಯಾಯ ಬರೆದೆ. ಥೀಸಿಸ್ಸಿನ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಪರೀಕ್ಷಕರು ಕೇಳಿದರು: "ಹಾಗಾದರೆ 1940ರಲ್ಲಿ ವೋಟು ಹಾಕಿದವರು ಯಾರು?" 1939ರ ಕೊನೆಗೆ ಖೇರ್ ಸರ್ಕಾರ ರಾಜೀನಾಮೆ ಕೊಟ್ಟಿತ್ತು. 93ನೇ ಕಲಂ ಹಿಡಿದು ಗವರ್ನರೇ ಅಧಿಕಾರ ತೆಗೆದುಕೊಂಡಿದ್ದರು. ಸಭೆ ಸೇರುತ್ತಿರಲಿಲ್ಲ, ಖರ್ಚು ಮಾತ್ರ ನಡೆದೇ ಇತ್ತು. ನನ್ನ ಬಳಿ ಉತ್ತರ ಇರಲಿಲ್ಲ. ಥೀಸಿಸ್ ವಾಪಸ್ ಬಂತು. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು, ಕೈಯಿಂದ ಹಣ ಹಾಕಿ ತಿದ್ದಿದೆ.

"ಜನಪ್ರತಿನಿಧಿಗಳು ಮಂಜೂರು ಮಾಡಿದ ಹಣ" ಅಂತ ನೀವು ಬರೆದಿದ್ದೀರಲ್ಲ, ಅದನ್ನೂ ನಾನು ಒಪ್ಪುವುದಿಲ್ಲ. ಸಾಲದ ಬಡ್ಡಿ, ಗವರ್ನರ್ ಸಂಬಳ, ಹೈಕೋರ್ಟ್ ನ್ಯಾಯಾಧೀಶರ ಸಂಬಳ ಯಾವುದೂ ವೋಟಿಗೆ ಬರುತ್ತಿರಲಿಲ್ಲ. ತಮಾಷೆ ಅಂದರೆ ಮಂತ್ರಿಗಳ ಸಂಬಳವೂ ಅದೇ ಪಟ್ಟಿಯಲ್ಲಿತ್ತು. ಸಭೆ ಒಂದು ಬೇಡಿಕೆ ತಿರಸ್ಕರಿಸಿದರೂ, ಕಾಯ್ದೆ ತನಗೇ ವಹಿಸಿದ್ದ ವಿಶೇಷ ಹೊಣೆಗೆ ಅದರಿಂದ ಅಡ್ಡಿಯಾಗುತ್ತದೆ ಅನ್ನಿಸಿದರೆ ಗವರ್ನರ್ ಆ ಮೊತ್ತವನ್ನು ಷೆಡ್ಯೂಲಿಗೆ ಸೇರಿಸಬಹುದಿತ್ತು. ದೆಹಲಿಯ ಬಜೆಟ್ಟನ್ನು ಇದರ ಜೊತೆ ಬೆರೆಸಬೇಡಿ. 1935ರ ಕಾಯ್ದೆ ಯೋಜಿಸಿದ್ದ ಒಕ್ಕೂಟ ಜಾರಿಗೇ ಬರಲಿಲ್ಲ, ಕೇಂದ್ರದಲ್ಲಿ 1919ರ ಭಾರತ ಸರ್ಕಾರ ಕಾಯ್ದೆಯ ವ್ಯವಸ್ಥೆಯೇ ಮುಂದುವರಿಯಿತು.

ಷೆಡ್ಯೂಲನ್ನು ಸಭೆಯ ಮುಂದೆ ಇಡಲೇಬೇಕಿದ್ದರಿಂದ ಮೊದಲು ವಿಧಾನಸಭೆಯ ಕಲಾಪದ ಸಂಪುಟ ನೋಡಿ. ಸಭೆ ಒಪ್ಪಿದ ಮೊತ್ತ, ಷೆಡ್ಯೂಲಿನ ಮೊತ್ತ ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಕಾಯ್ದೆ ಇದ್ದೇ ಇರಬೇಕು ಅಂತ ಗೈಡ್ ಹಟ ಹಿಡಿದರೆ 80ನೇ ಕಲಂ ಪ್ರಿಂಟ್ ತೆಗೆದು ಅವರ ಟೇಬಲ್ ಮೇಲಿಡಿ.