ನಮ್ಮ ಆಫೀಸಿನ ಪಿಸಿಯ ಲಾಗ್‌ನಲ್ಲಿ (ಮೆಷಿನ್ ತಾನೇ ಬರೆದಿಡುವ ದಿನಚರಿ) ಲಿಂಕ್ ಡೌನ್, ಲಿಂಕ್ ಅಪ್, ಅಂದರೆ ನೆಟ್‌ವರ್ಕ್ ಸಂಪರ್ಕ ಬಿತ್ತು, ಎದ್ದಿತು ಅಂತ ಬರ್ತಾನೇ ಇದೆ; ಅದರ ನಾಲ್ಕು ಸಾಲು ಹಾಕಿದ್ದೀನಿ. ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಬದಲಿಸಲೋ, ನೆಟ್‌ವರ್ಕ್ ಕಾರ್ಡ್ ಬದಲಿಸಲೋ?

ಎರಡನ್ನೂ ಬದಲಿಸಬೇಡಿ. ‘ಯಾವಾಗ ಅಂದ್ರೆ ಆವಾಗ ಬೀಳುತ್ತೆ, ರೀಬೂಟ್ ಮಾಡಿದ್ರೆ ಸರಿಹೋಗುತ್ತೆ’ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಹೊಟ್ಟೆ ಹಿಂಡಿದ ಹಾಗಾಯ್ತು. ಹತ್ತೊಂಬತ್ತು ದಿನ ನಾನೂ ಇದನ್ನೇ ಹೇಳಿಕೊಂಡು ಓಡಾಡಿದವನು.

ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ. ಅಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಕಬ್ಬಿನ ಹಂಗಾಮು ಜೋರಾಗಿತ್ತು. ಟ್ರ್ಯಾಕ್ಟರ್ ಕಾಟಾ ಮೇಲೆ ಹತ್ತಿ ನಿಂತರೆ ತೂಕ ಕ್ಯಾಬಿನ್ನಿನ ಪಿಸಿಗೆ ಬರಬೇಕು, ಅಲ್ಲಿಂದ ಆಫೀಸಿನ ಸರ್ವರ್‌ಗೆ ಹೋಗಬೇಕು, ಆಮೇಲೆ ಚೀಟಿ. ನಡುವೆ ಲಿಂಕ್ ಬಿದ್ದರೆ ಆ ಟ್ರ್ಯಾಕ್ಟರ್ ಅಲ್ಲೇ, ಅದರ ಹಿಂದಿನವೂ ಅಲ್ಲೇ, ಸಾಲು ರಸ್ತೆವರೆಗೆ. ಕಡಿದ ಕಬ್ಬು ಒಣಗುತ್ತಾ ತೂಕ ಕಳಕೊಳ್ಳುತ್ತೆ. ಸಾಲಿನಲ್ಲಿ ನಿಂತ ರೈತನಿಗೆ ನಮ್ಮ ನೆಟ್‌ವರ್ಕ್ ತೊಂದರೆ ಅಂದರೆ ನೇರ ಜೇಬಿಗೆ ಕತ್ತರಿ.

‘ಸಾಹೇಬ್ರ, ಮತ್ತ ಹೋತ್ರಿ’ ಅಂತ ಕಾಟಾ ಕ್ಲರ್ಕ್ ಫೋನ್ ಮಾಡುವುದು, ನಾನು ಓಡಿಹೋಗಿ ಪಿಸಿ ರೀಸ್ಟಾರ್ಟ್ ಮಾಡುವುದು, ವಾಪಸ್ ಬಂದು ಆಫೀಸಿನ ಸ್ವಿಚ್ಚನ್ನೂ ಆಫ್ ಮಾಡಿ ಆನ್ ಮಾಡುವುದು. ಅಷ್ಟರಲ್ಲಿ ಲಿಂಕ್ ಬಂದಿರುತ್ತಿತ್ತು. ನಾನು ಏನೂ ಮಾಡದಿದ್ದರೂ ಬರುತ್ತಿತ್ತು ಅನ್ನುವುದು ಗೊತ್ತಾಗಿದ್ದು ಬಹಳ ತಡವಾಗಿ.

ನನ್ನ ತಪ್ಪು ಇಲ್ಲೇ ಇರುವುದು, ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರಾಗಬೇಡಿ. ಆ ಪಿಸಿಯಲ್ಲಿ ಇದ್ದದ್ದು ಲಿನಕ್ಸ್, ಜೊತೆಗೊಂದು ಚಿಕ್ಕ ಎಸ್‌ಎಸ್‌ಡಿ ಡಿಸ್ಕ್. ಲಾಗ್ ಬರೆದೂ ಬರೆದೂ ಅದು ಸವೆಯದಿರಲಿ ಅಂತ ನಾನೇ ಬುದ್ಧಿವಂತಿಕೆ ಮಾಡಿ, ಲಾಗ್ ಬರೆಯುವ ಪ್ರೋಗ್ರಾಂ ಜರ್ನಲ್‌ಡಿಯ ಸೆಟ್ಟಿಂಗ್‌ನಲ್ಲಿ ಸ್ಟೋರೇಜ್ ಅನ್ನುವ ಕಡೆ ವೊಲಟೈಲ್ ಅಂತ ಹಾಕಿದ್ದೆ. ಹಾಗೆ ಹಾಕಿದರೆ ಲಾಗ್ ಇರುವುದು ಬರೀ ರ್‍ಯಾಮ್‌ನಲ್ಲಿ. ರೀಬೂಟ್ ಆಯ್ತೋ, ಲಾಗೂ ಹೋಯ್ತು. ಸ್ವಿಚ್ಚಿನ ಲಾಗ್ ಬಫರ್ ಕೂಡ ರ್‍ಯಾಮ್‌ನಲ್ಲೇ; ಕರೆಂಟ್ ತೆಗೆದರೆ ಖಾಲಿ. ಅಂದರೆ ಲಿಂಕ್ ಬಿದ್ದಾಗಲೆಲ್ಲ ನಾನು ಮಾಡುತ್ತಿದ್ದ ಮೊದಲ ಕೆಲಸ ತಂತಿಯ ಎರಡೂ ತುದಿಯ ಸಾಕ್ಷಿ ಅಳಿಸುವುದು. ಕಳ್ಳ ಬಂದು ಹೋದ ಮನೆಯನ್ನು ಪೊಲೀಸರು ಬರುವ ಮುಂಚೆ ಸಾರಿಸಿ ರಂಗೋಲಿ ಹಾಕಿದ ಹಾಗೆ. ಅದೂ ದಿನಕ್ಕೆ ಐದಾರು ಸಲ! ಕಾರಣ ಗೊತ್ತಿಲ್ಲದೆ ಹೊಸ ಸ್ವಿಚ್ ತರಿಸಿದೆ, ಆಮೇಲೆ ನೆಟ್‌ವರ್ಕ್ ಕಾರ್ಡ್. ಬಿಲ್ ಮ್ಯಾನೇಜರ್ ಟೇಬಲ್ಲಿಗೆ ಹೋಯಿತು. ಲಿಂಕ್ ಬೀಳುವುದು ನಿಲ್ಲಲಿಲ್ಲ. ಮುಂದಿನ ವರ್ಷ ಗುತ್ತಿಗೆ ನನಗೆ ಸಿಗಲಿಲ್ಲ.

ಇಪ್ಪತ್ತನೇ ದಿನ, ರೀಬೂಟ್ ಮಾಡುವುದೇ ಇಲ್ಲ ಅಂತ ಹಟ ಹಿಡಿದೆ. ವೊಲಟೈಲ್ ಇದ್ದದ್ದನ್ನು ಪರ್ಸಿಸ್ಟೆಂಟ್ ಮಾಡಿದೆ, ಅಂದರೆ ಲಾಗ್ ಡಿಸ್ಕಿಗೆ ಹೋಗುವ ಹಾಗೆ. ಸ್ವಿಚ್ಚಿನ ಗಡಿಯಾರ ನೋಡಿದರೆ 1993ರ ಮಾರ್ಚ್‌ನಲ್ಲಿ ನಿಂತಿತ್ತು, ಯಾರೂ ಯಾವತ್ತೂ ಟೈಮ್ ಹೊಂದಿಸಿಯೇ ಇರಲಿಲ್ಲ, ನೆಟ್‌ವರ್ಕ್‌ನಿಂದ ಸರಿಯಾದ ಟೈಮ್ ತಗೊಳ್ಳುವ ಎನ್‌ಟಿಪಿ ಹಾಕಿದೆ. ಎರಡು ಕಡೆಯ ಲಾಗ್‌ನ ಟೈಮ್ ತಾಳೆಯಾಗದಿದ್ದರೆ ಅವನ್ನು ಪಕ್ಕಪಕ್ಕ ಇಟ್ಟು ಓದಿ ಪ್ರಯೋಜನವಿಲ್ಲ. ಮಾರನೇ ದಿನ ಸಂಜೆ ಲಾಗ್ ತೋರಿಸುವ ಕಮಾಂಡ್ ಜರ್ನಲ್‌ಸಿಟಿಎಲ್‌ಗೆ ಮೈನಸ್ ಕೆ ಕೊಟ್ಟು ಬರೀ ಕರ್ನಲ್ (ಲಿನಕ್ಸ್‌ನ ತಿರುಳು) ಬರೆದ ಸಾಲುಗಳನ್ನು ತೆಗೆದೆ. ಒಂದು ದಿನಕ್ಕೆ ನಲವತ್ತೊಂದು ಸಲ ಲಿಂಕ್ ಡೌನ್. ನನಗೆ ಫೋನ್ ಬಂದಿದ್ದು ಆರು ಸಲ ಮಾತ್ರ.

ಸಾಲುಗಳನ್ನು ಗಂಟೆವಾರು ಎಣಿಸಿದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ತುಂಬ. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಒಂದೂ ಇಲ್ಲ. ಕಾರ್ಖಾನೆ ಓಡುವುದು ಇಪ್ಪತ್ನಾಲ್ಕು ಗಂಟೆ, ರಾತ್ರಿಯೂ ಟ್ರ್ಯಾಕ್ಟರ್ ಅಷ್ಟೇ ಬರುತ್ತಿದ್ದವು. ಹಾಗಾದರೆ ಕಾಟಾದ ಅದುರುವಿಕೆಯಲ್ಲ, ಮೋಟಾರಿನ ಕರೆಂಟಲ್ಲ, ಸ್ವಿಚ್ಚಂತೂ ಅಲ್ಲವೇ ಅಲ್ಲ. ರಾತ್ರಿ ಪಾಳಿಯವನು ಏನು ಬೇರೆ ಮಾಡ್ತಾನೆ?

ಮಾರನೇ ಬೆಳಗ್ಗೆ ಕ್ಯಾಬಿನ್ನಿನಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಪರದೆ ಮೇಲೆ ಲಾಗ್ ಹರಿಯಲು ಬಿಟ್ಟಿದ್ದೆ. ಯಾವುದೋ ಟ್ರ್ಯಾಕ್ಟರಿನವನು ಕಾಟಾ ಮೇಲೆ ಸರಿಯಾಗಿ ನಿಲ್ಲಿಸಿರಲಿಲ್ಲ. ಕ್ಲರ್ಕ್ ಬಾಗಿಲು ದೂಡಿ ‘ಲೇ, ಮುಂದ ತಗೋ!’ ಅಂದ. ಪರದೆಯಲ್ಲಿ ಟಕ್ ಅಂತ ಲಿಂಕ್ ಈಸ್ ಡೌನ್. ಬಗ್ಗಿ ನೋಡಿದೆ. ಬಾಗಿಲಿನ ಕೆಳಗೆ, ಕೀಲಿನ ಕಡೆ, ಪಿಸಿಯ ನೀಲಿ ನೆಟ್‌ವರ್ಕ್ ಕೇಬಲ್ ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು. ರಾತ್ರಿ ಚಳಿಗೆ ಬಾಗಿಲು ಮುಚ್ಚಿಕೊಂಡು ಕಿಟಕಿಯಿಂದ ಚೀಟಿ ಕೊಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಸುಳಿವು ಲಾಗ್‌ನಲ್ಲಿ ಮೊದಲಿಂದ ಇತ್ತು. ಲಿಂಕ್ ಕೆಲವು ಸಲ 1000 ಎಂಬಿಪಿಎಸ್ (ಗಿಗಾಬಿಟ್) ವೇಗದಲ್ಲಿ ಎದ್ದರೆ ಕೆಲವು ಸಲ 100ರಲ್ಲಿ ಏಳುತ್ತಿತ್ತು. ಕೇಬಲ್ ಒಳಗೆ ನಾಲ್ಕು ಜೋಡಿ ಬಣ್ಣದ ತಂತಿ ಇರುತ್ತೆ. ನೂರಕ್ಕೆ ಎರಡು ಜೋಡಿ ಸಾಕು, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ವೇಗ ಎಷ್ಟು ಅಂತ ಎರಡು ತುದಿಗಳು ಮಾತಾಡಿಕೊಳ್ಳುವುದು ಆ ಕಿತ್ತಳೆ–ಹಸಿರು ಜೋಡಿಗಳ ಮೇಲೆಯೇ, ಹಾಗಾಗಿ ನೀಲಿಯೋ ಕಂದೋ ನಲುಗಿದ್ದರೂ ಮಾತುಕತೆ ಗಿಗಾಬಿಟ್‌ಗೇ ಮುಗಿಯುತ್ತೆ. ಕೆಲಸ ಶುರುವಾದಾಗ ಮುರಿದು ಬೀಳುತ್ತೆ. ಎಷ್ಟೋ ನೆಟ್‌ವರ್ಕ್ ಕಾರ್ಡ್‌ಗಳು ಒಂದೆರಡು ಸಲ ಸೋತು ನೂರಕ್ಕೆ ಇಳಿಯುತ್ತವೆ. ನೀವು ಹಾಕಿರುವ ನಾಲ್ಕು ಸಾಲಿನಲ್ಲೂ ಒಂದು 100 ಇದೆ, ಗಮನಿಸಿದ್ರಾ?

ಇನ್ನೊಂದು. ಲಿಂಕ್ ಮೂರು ಸೆಕೆಂಡಿಗೆ ವಾಪಸ್ ಬರುತ್ತಿದ್ದರೂ ಕ್ಲರ್ಕ್‌ಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಸತ್ತ ಹಾಗೆ ಕಾಣುತ್ತಿತ್ತು. ಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀ (ಡೇಟಾ ನೆಟ್‌ವರ್ಕ್‌ನಲ್ಲಿ ಸುತ್ತುತ್ತಲೇ ಇರದಂತೆ ತಡೆಯುವ ವ್ಯವಸ್ಥೆ) ಹಳೇ ರೀತಿಯಲ್ಲಿ ಓಡುತ್ತಿದ್ದರೆ, ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಎದ್ದಾಗಲೆಲ್ಲ 15 ಸೆಕೆಂಡ್ ಲಿಸನಿಂಗ್, 15 ಸೆಕೆಂಡ್ ಲರ್ನಿಂಗ್, ಅಲ್ಲಿವರೆಗೆ ಡೇಟಾ ದಾಟಲ್ಲ. ಪಿಸಿ ಕಡೆಯ ಪೋರ್ಟಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿ, ಆದರೆ ಕಾರಣ ಸಿಕ್ಕ ಮೇಲೆ. ಮೊದಲೇ ಹಾಕಿದರೆ ರೋಗ ಹಾಗೇ ಇದ್ದು ನೋವು ಮಾತ್ರ ಹೋಗುತ್ತೆ.

ಇಲ್ಲಿ ಇನ್ನೊಬ್ಬರು ‘ಪಿಸಿಯಲ್ಲಿ ವೇಗವನ್ನು 100 ಫುಲ್‌ಗೆ ಕಟ್ಟಿಹಾಕಿ’ ಅಂದಿದ್ದಾರೆ; ಫುಲ್ ಅಂದರೆ ಎರಡೂ ತುದಿ ಒಟ್ಟಿಗೇ ಡೇಟಾ ಕಳಿಸಬಹುದು. ದಯವಿಟ್ಟು ಬೇಡ. ಒಂದು ಕಡೆ ಕಟ್ಟಿಹಾಕಿ ಸ್ವಿಚ್ ಆಟೋದಲ್ಲೇ (ಮಾತಾಡಿಕೊಂಡು ವೇಗ ಗೊತ್ತುಮಾಡುವ ರೀತಿ) ಇದ್ದರೆ ಅದು ಹಾಫ್ ಡ್ಯೂಪ್ಲೆಕ್ಸ್‌ಗೆ (ಒಂದು ಸಲಕ್ಕೆ ಒಂದೇ ತುದಿ ಕಳಿಸುವ ರೀತಿ) ಇಳಿಯುತ್ತೆ. ಆಮೇಲೆ ಲಿಂಕ್ ಬೀಳಲ್ಲ, ಆದರೆ ಲೇಟ್ ಕೊಲಿಷನ್ (ಡೇಟಾ ಡಿಕ್ಕಿ), ಸಿಆರ್‌ಸಿ ಎರರ್ (ಕೆಟ್ಟುಹೋದ ಡೇಟಾ) ಶುರುವಾಗಿ ಎಲ್ಲ ಆಮೆ ನಡಿಗೆ. ಈಗಿನದಕ್ಕಿಂತ ಅದನ್ನು ಹುಡುಕುವುದು ಕಷ್ಟ.

ನೀವು ಮಾಡಬೇಕಾದ್ದು ಇಷ್ಟು. ಈಗ ಲಿಂಕ್ ಬಿದ್ದರೂ ಮೆಷಿನ್ ಮುಟ್ಟಬೇಡಿ, ಕೇಬಲ್ ಕಿತ್ತು ಸಿಕ್ಕಿಸಲೂ ಬೇಡಿ. ಲಾಗ್ ಡಿಸ್ಕಿಗೆ ಹೋಗುತ್ತಿದೆಯಾ ನೋಡಿ. ಹೋಗುತ್ತಿದ್ದರೆ ನೀವು ಇಷ್ಟು ದಿನ ಮಾಡಿದ ರೀಬೂಟ್‌ಗಳ ಹಿಂದಿನದೂ ಸಿಗುತ್ತೆ, ಜರ್ನಲ್‌ಸಿಟಿಎಲ್‌ಗೆ ಮೈನಸ್ ಬಿ, ಮೈನಸ್ ಒಂದು ಕೊಡಿ. ಸ್ವಿಚ್ಚಿನ ಲಾಗ್ ಅನ್ನು ಸಿಸ್‌ಲಾಗ್ (ನೆಟ್‌ವರ್ಕ್ ಮೇಲೆ ಲಾಗ್ ಕಳಿಸುವ ವಿಧಾನ) ಮೂಲಕ ಬೇರೆ ಯಾವುದಾದರೂ ಪಿಸಿಗೆ ಕಳಿಸಿ. ಎರಡು ದಿನ ಬಿಟ್ಟು ಬರೀ ಸಮಯಗಳ ಪಟ್ಟಿ ಇಲ್ಲಿ ಹಾಕಿ, ಜೊತೆಗೆ ನಿಮ್ಮ ಆಫೀಸಿನ ಕಸ ಗುಡಿಸುವವರು ಎಷ್ಟು ಗಂಟೆಗೆ ಬರ್ತಾರೆ ಅಂತಲೂ ಬರೆಯಿರಿ. ನೀವು ಹಾಕಿರುವ ನಾಲ್ಕು ಸಾಲಿನಲ್ಲಿ ಮೂರು ಬೆಳಗ್ಗೆ ಒಂಬತ್ತರ ಆಸುಪಾಸಿನವು.