ಕೊಂಡ್ರಾಯ್ಟಿನ್ ಮಾತ್ರೆಯ ಸಲಹೆ ಬೇಡ, ಪುಣೆಯಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ ‘ಮೆದುಳಿನ ಸಿಹಿ ಗುಟ್ಟು’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ, ಯಾಕೆಂದರೆ ಒಳಗೆ ಒಳ್ಳೆಯ ಸರಕಿದೆ.

ಮೊದಲ ಮೂರು ಪ್ಯಾರಾ ಪೂರ್ತಿ ತೆಗೆಯಿರಿ. ಗ್ಲೂಕೋಸ್, ಡಯಾಬಿಟಿಸ್, ಪರೀಕ್ಷೆಯ ದಿನ ಮಕ್ಕಳಿಗೆ ಮೊಸರು-ಸಕ್ಕರೆ ಕೊಡುವುದು, ಇವೆಲ್ಲ ಇಲ್ಲಿ ಬೇಡ. ಗ್ಲೂಕೋಸ್ ಮೆದುಳಿಗೆ ಇಂಧನ, ಖರ್ಚಾಗಿ ಹೋಗುತ್ತದೆ. ನೀವು ಹೇಳಹೊರಟಿದ್ದು ನರಕೋಶದ ಮೈಮೇಲೆ ಮತ್ತು ಸುತ್ತಮುತ್ತ ಇದ್ದು ಬೇರೆಯೇ ಕೆಲಸ ಮಾಡುವ ಸಕ್ಕರೆ ಸರಪಳಿಗಳ ಬಗ್ಗೆ. ಓದುಗರು ಅಲ್ಲಿಗೆ ಬರುವಷ್ಟರಲ್ಲಿ ಇದು ಶುಗರ್ ಕಾಯಿಲೆಯ ಲೇಖನ ಅಂದುಕೊಂಡು ಎದ್ದು ಹೋಗಿರುತ್ತಾರೆ.

ಇನ್ನು ಕೊಂಡ್ರಾಯ್ಟಿನ್, ಅದೂ ಇಂಥದೇ ಒಂದು ಸಕ್ಕರೆ ಸರಪಳಿ. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ನರಕ್ಕೂ ಬಲ ಕೊಡುತ್ತದೆ ಎಂದು ಬರೆದಿದ್ದೀರಿ. ಇದಕ್ಕೆ ಆಧಾರ ಎಲ್ಲಿದೆ? ನಿಮ್ಮದೇ ಏಳನೇ ಪ್ಯಾರಾ ಇದಕ್ಕೆ ಉಲ್ಟಾ ಹೇಳುತ್ತದೆ. ಬೆನ್ನುಹುರಿಗೆ ಪೆಟ್ಟಾದಾಗ ಆ ಜಾಗದಲ್ಲಿ ಕೊಂಡ್ರಾಯ್ಟಿನ್ ಸಲ್ಫೇಟ್ ಸರಪಳಿ ಹೊತ್ತ ಪ್ರೋಟೀನುಗಳು ಜಾಸ್ತಿಯಾಗುತ್ತವೆ. ತುಂಡಾದ ನರದ ಎಳೆ ಮತ್ತೆ ಬೆಳೆಯದಂತೆ ಅಡ್ಡ ನಿಲ್ಲುವುದರಲ್ಲಿ ಅವೂ ಸೇರಿವೆ. 2002ರಲ್ಲಿ ಲಂಡನ್ನಿನ ಸಂಶೋಧಕರು ಬೆನ್ನುಹುರಿಗೆ ಪೆಟ್ಟಾದ ಇಲಿಗಳಿಗೆ ಬ್ಯಾಕ್ಟೀರಿಯಾದ ಒಂದು ಕಿಣ್ವ ಕೊಟ್ಟರು. ಕಿಣ್ವ ಆ ಸರಪಳಿಗಳನ್ನು ಕತ್ತರಿಸಿತು. ಎಳೆಗಳು ಬೆಳೆದವು, ಇಲಿಗಳ ನಡಿಗೆ ಸುಧಾರಿಸಿತು. ಅದೇ ವರ್ಷ ಇಟಲಿಯವರು ಇದೇ ಕಿಣ್ವದಿಂದ, ಬೆಳೆದ ಇಲಿಯ ಮೆದುಳಿನ ದೃಷ್ಟಿ ಭಾಗ ಮರಿ ಇಲಿಯದರಂತೆ ಮತ್ತೆ ಬದಲಾಗಬಲ್ಲದು ಎಂದು ತೋರಿಸಿದರು. ಅಂದರೆ ಅಲ್ಲಿ ಲಾಭ ಬಂದದ್ದು ಸಕ್ಕರೆಯನ್ನು ಕತ್ತರಿಸಿದ್ದರಿಂದ, ತಿನ್ನಿಸಿದ್ದರಿಂದ ಅಲ್ಲ. ‘ಪಾರ್ಶ್ವವಾಯುವಿಗೆ ಮದ್ದು ಸಿಕ್ಕಿತು’ ಎಂಬ ಸಾಲನ್ನೂ ಹೊಡೆದುಹಾಕಿ. ಇಲಿಯಲ್ಲಿ ಆದದ್ದು ಇಲಿಯಲ್ಲಿ ಆಯಿತು ಅಂತಲೇ ಬರೆಯಿರಿ. ಇಂಥ ಸಾಲು ನಂಬಿ ಯಾರೋ ಒಬ್ಬರು ಹಾಸಿಗೆ ಹಿಡಿದ ಅಪ್ಪನಿಗಾಗಿ ದುಡ್ಡು ಸುರಿಯುತ್ತಾರೆ.

ನಿಮ್ಮ ಲೇಖನದ ಜೀವ ಇರುವುದು ಗಿಯಾನ್-ಬರೇ, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನರಗಳ ಮೇಲೆ ಎರಗಿ ಕೈಕಾಲು ಸೋಲಿಸುವ ಕಾಯಿಲೆಯ ಬಗ್ಗೆ ಬರೆದ ನಾಲ್ಕು ಸಾಲಿನಲ್ಲಿ. ಅದನ್ನು ಕೊನೆಯ ಪುಟದಲ್ಲಿ ಯಾಕೆ ಬಚ್ಚಿಟ್ಟಿರಿ? 2025ರ ಜನವರಿಯಲ್ಲಿ ಪುಣೆಯಲ್ಲಿ ಇದೇ ಕಾಯಿಲೆಯಿಂದ ಒಬ್ಬರ ಹಿಂದೊಬ್ಬರು ಕೈಕಾಲು ಸೋತು ಆಸ್ಪತ್ರೆ ಸೇರಿದರು. ಕೆಲವರಿಗೆ ವೆಂಟಿಲೇಟರ್ ಬೇಕಾಯಿತು. ಹಲವು ರೋಗಿಗಳ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ, ಭೇದಿ ತರುವ ಬ್ಯಾಕ್ಟೀರಿಯಾ ಸಿಕ್ಕಿತು, ಅನುಮಾನ ಕುಡಿಯುವ ನೀರಿನ ಮೇಲೆ ಹೋಯಿತು. ಅಲ್ಲಿಂದ ಶುರು ಮಾಡಿ.

ಆಮೇಲೆ ಪ್ರಶ್ನೆ ಕೇಳಿ: ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಕಾಲಿನ ಶಕ್ತಿ ಕಿತ್ತುಕೊಳ್ಳುವುದು ಹೇಗೆ? ಉತ್ತರ ಸಕ್ಕರೆಯಲ್ಲೇ ಇದೆ. ನಮ್ಮ ನರಗಳ ಪೊರೆಯಲ್ಲಿ ಗ್ಯಾಂಗ್ಲಿಯೋಸೈಡ್ ಎಂಬ ಕೊಬ್ಬುಗಳಿವೆ, ಅವುಗಳ ತುದಿಯಲ್ಲಿ ಸಕ್ಕರೆ ಸರಪಳಿ. ಈ ಬ್ಯಾಕ್ಟೀರಿಯಾದ ಕೆಲವು ತಳಿಗಳ ಹೊರಮೈಯಲ್ಲೂ ಹೆಚ್ಚುಕಡಿಮೆ ಅದೇ ಸರಪಳಿ ಇರುತ್ತದೆ. ಬ್ಯಾಕ್ಟೀರಿಯಾವನ್ನು ಹೊಡೆಯಲು ದೇಹ ತಯಾರಿಸಿದ ಪ್ರತಿಕಾಯಗಳು ನರವನ್ನೂ ಶತ್ರು ಅಂದುಕೊಳ್ಳುತ್ತವೆ. ಭೇದಿ ನಿಂತು ಒಂದೆರಡು ವಾರದ ಮೇಲೆ ಕಾಲು ಸೋಲುವುದು ಇದಕ್ಕೇ. ಈ ಸೋಂಕು ತಗುಲಿದವರಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೆ ಹೀಗಾಗುತ್ತದೆ ಎಂಬ ಅಂದಾಜನ್ನೂ ಸೇರಿಸಿ, ಇಲ್ಲದಿದ್ದರೆ ಭೇದಿಯಾದವರೆಲ್ಲ ಹೆದರುತ್ತಾರೆ. ರಕ್ತದ ಪ್ಲಾಸ್ಮಾ ಬದಲಾವಣೆ, ದಾನಿಗಳ ಪ್ರತಿಕಾಯ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಚಿಕಿತ್ಸೆ ಇದೆ, ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ ಅನ್ನುವುದೂ ಬರಲಿ.

ಬೀಗ-ಕೀಲಿ, ಅಂಚೆಯವ, ರಂಗೋಲಿ, ಪಾಕ, ಇಷ್ಟು ಹೋಲಿಕೆ ಒಂದೇ ಪುಟದಲ್ಲಿ ಜಾಸ್ತಿಯಾಯಿತು ಅಲ್ವಾ? ಒಂದು ಸಾಕು. ಟೇ-ಸ್ಯಾಕ್ಸ್ (ನರಕೋಶದಲ್ಲಿ ಗ್ಯಾಂಗ್ಲಿಯೋಸೈಡ್ ಕರಗದೆ ತುಂಬಿಕೊಳ್ಳುವ ಆನುವಂಶಿಕ ಕಾಯಿಲೆ) ಬಗ್ಗೆ ಬರೆದ ಭಾಗ ಚೆನ್ನಾಗಿದೆ, ಆದರೆ ಅದು ಇನ್ನೊಂದು ಲೇಖನ. ಎತ್ತಿಡಿ.

ತಿದ್ದಿದ ಪ್ರತಿ 900 ಪದ ಮೀರದಿರಲಿ. ಕಳಿಸುವ ಮುಂಚೆ ನರರೋಗ ವೈದ್ಯರೊಬ್ಬರಿಗೆ ಓದಿಸಿ.

– ಸಂಪಾದಕ