ಸೈಕಲ್ ಪ್ರಶ್ನೋತ್ತರ: ಒಂದೇ ಗೇರಿನಲ್ಲಿ ನಂದಿ ಬೆಟ್ಟ

ಪ್ರಶ್ನೆ: ನನ್ನದು ಫಿಕ್ಸಿ ಸೈಕಲ್, ಅಂದರೆ ಚಕ್ರ ತಿರುಗುವವರೆಗೂ ಪೆಡಲೂ ತಿರುಗುತ್ತಲೇ ಇರುತ್ತದೆ. ಮುಂದೆ 46 ಹಲ್ಲು, ಹಿಂದೆ 16. ನಂದಿ ಬೆಟ್ಟವೂ ಸೇರಿದ 200 ಕಿ.ಮೀ. ಬ್ರೆವೆಗೆ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಹೆಸರು ಕೊಟ್ಟಿದ್ದೇನೆ. ಊರೊಳಗೆ ಸಲೀಸಾಗಿ ಓಡುತ್ತದೆ, ಏರು ಬಂದರೆ ಮಂಡಿ ಹಿಡಿದುಕೊಳ್ಳುತ್ತದೆ. ಏನು ಬದಲಿಸಲಿ?
— ಓದುಗರು, ಗೌರಿಬಿದನೂರು

ಉತ್ತರ: ಈ ಗೇರು ಬೆಟ್ಟಕ್ಕೆ ತೀರಾ ಭಾರ. 46ಕ್ಕೆ 16 ಇದ್ದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ ಸುಮಾರು 6 ಮೀಟರ್ ಮುಂದೆ ಹೋಗಬೇಕು. ಏರಿನಲ್ಲಿ ಗಂಟೆಗೆ 10 ಕಿ.ಮೀ. ವೇಗವಿದ್ದರೆ ಪೆಡಲ್ ನಿಮಿಷಕ್ಕೆ 28 ಸುತ್ತು ಮಾತ್ರ ತಿರುಗುತ್ತದೆ. ನಿಧಾನವಾಗಿ ಹತ್ತಿದರೆ ಮಂಡಿ ಉಳಿಯುತ್ತದೆ ಎಂದುಕೊಳ್ಳಬೇಡಿ. ವೇಗ ಇಳಿಸಿದರೆ ಏದುಸಿರು ಕಡಿಮೆಯಾಗುತ್ತದೆ, ಅಷ್ಟೇ. ಒಂದೊಂದು ತುಳಿತಕ್ಕೆ ಬೇಕಾದ ಬಲವನ್ನು ರಸ್ತೆಯ ಕಡಿದೂ ಗೇರೂ ಸೇರಿ ತೀರ್ಮಾನಿಸುತ್ತವೆ. ಆದ್ದರಿಂದ ಗೇರನ್ನೇ ಇಳಿಸಿ.

ಮುಂದೆ 42 ಹಲ್ಲಿನ ಚೈನ್‌ವೀಲ್, ಹಿಂದೆ 18ರ ಕಾಗ್ (ಹಿಂಚಕ್ರದ ಹಲ್ಲುಚಕ್ರ) ಹಾಕಿಸಿ. ಒಂದು ಸುತ್ತಿಗೆ 4.9 ಮೀಟರ್. ಅದೇ 10 ಕಿ.ಮೀ. ವೇಗಕ್ಕೆ 34 ಸುತ್ತು ಸಿಗುತ್ತದೆ. ಸಮತಟ್ಟಿನಲ್ಲಿ 25 ಕಿ.ಮೀ. ವೇಗಕ್ಕೆ 85 ಸುತ್ತು, ಇಡೀ ದಿನ ತುಳಿಯಬಹುದಾದ ಲಯ ಅದು. 200 ಕಿ.ಮೀ.ಗೆ ಕೊಡುವುದು ಹದಿಮೂರೂವರೆ ಗಂಟೆ. ನಿಲುಗಡೆಯೆಲ್ಲ ಸೇರಿ ಗಂಟೆಗೆ 15 ಕಿ.ಮೀ. ಸರಾಸರಿ ಸಾಕು. ಹಾಗಾಗಿ ದೊಡ್ಡ ಗೇರಿನ ಆಸೆ ಬೇಡವೇ ಬೇಡ.

ನಿಮ್ಮ ಹಿಂಚಕ್ರದ ನಡುವಿನ ಹಬ್ಬಿನ ಎರಡೂ ಕಡೆ ಥ್ರೆಡ್ ಇದ್ದರೆ ಇನ್ನೊಂದು ಬದಿಗೆ 20 ಹಲ್ಲಿನ ಫ್ರೀವೀಲ್ (ತುಳಿಯದಿದ್ದರೂ ಚಕ್ರ ತಿರುಗಲು ಬಿಡುವ ಹಲ್ಲುಚಕ್ರ) ಹಾಕಿಡಿ. ಬೆಟ್ಟದ ಬುಡದಲ್ಲಿ ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಕೂರಿಸಿ. 15 ಎಂ.ಎಂ. ಸ್ಪ್ಯಾನರ್ ಜೇಬಿನಲ್ಲಿರಲಿ. ಎರಡು ಹಲ್ಲಿನ ವ್ಯತ್ಯಾಸಕ್ಕೆ ಆಕ್ಸಲ್ ಸುಮಾರು 6 ಎಂ.ಎಂ. ಮುಂದೆ ಸರಿಯುತ್ತದೆ. ಫ್ರೇಮಿನ ಸೀಳಿನಲ್ಲಿ ಅಷ್ಟು ಜಾಗ ಇದೆಯೇ, ಬ್ರೇಕ್ ಪ್ಯಾಡ್ ಆಮೇಲೂ ರಿಮ್ಮಿನ ಮೇಲೇ ಕೂರುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ. ಟೂರ್ ದ ಫ್ರಾನ್ಸ್‌ನಲ್ಲಿ ಗೇರ್ ಬದಲಿಸುವ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದೇ 1937ರಲ್ಲಿ. ಅದಕ್ಕೂ ಮೊದಲು ಅಲ್ಲಿನ ಸವಾರರೂ ಬೆಟ್ಟದ ಬುಡದಲ್ಲಿ ಹೀಗೆಯೇ ಚಕ್ರ ತಿರುಗಿಸಿ ಹಾಕುತ್ತಿದ್ದರು.

ನಂದಿಯ ಏರು ಏಳೆಂಟು ಕಿ.ಮೀ., ಕೊನೆಗೆ ಕಡಿದಾಗುತ್ತದೆ. ಎಡ ತಿರುವುಗಳಲ್ಲಿ ಒಳಅಂಚೇ ಅತಿ ಕಡಿದು. ಹಿಂದೆ ವಾಹನ ಇಲ್ಲದಿದ್ದರೆ ಅಂಚಿನಿಂದ ಒಂದು ಮೀಟರ್ ಈಚೆ ಹತ್ತಿ. ಲಯ ಸಾಯುವ ಮುನ್ನವೇ ಎದ್ದು ನಿಂತು ತುಳಿಯಿರಿ. ನಿಂತೂ ಆಗದಿದ್ದರೆ ಇಳಿದು ತಳ್ಳಿಕೊಂಡು ಹೋಗಿ, ಅದರಲ್ಲಿ ನಾಚಿಕೆ ಇಲ್ಲ.

ಪ್ರಶ್ನೆ: ಸಾದಾ ಸೈಕಲ್ಲಿನ ಫ್ರೀವೀಲನ್ನು ವೆಲ್ಡ್ ಮಾಡಿದರೆ ಫಿಕ್ಸಿ ಆಗುತ್ತದೆ ಅಂತ ನಮ್ಮೂರಿನ ಸೈಕಲ್ ಶಾಪಿನವರು ಹೇಳುತ್ತಾರೆ. ನಿಜವೇ?
— ಓದುಗರು, ಬಾಗೇಪಲ್ಲಿ

ಉತ್ತರ: ತಿರುಗುತ್ತದೆ, ಆದರೆ ಬೆಟ್ಟಕ್ಕೆ ಒಯ್ಯಬೇಡಿ. ಫಿಕ್ಸಿ ಹಬ್ಬಿನಲ್ಲಿ ಎರಡು ಥ್ರೆಡ್ ಇರುತ್ತವೆ. ಕಾಗ್ ಕೂರುವುದು ಬಲ ಥ್ರೆಡ್ಡಿನ (ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ) ಮೇಲೆ, ಅದರ ಹೊರಗೆ ಅದನ್ನು ಹಿಡಿದಿಡುವ ಲಾಕ್‌ರಿಂಗ್ ಕೂರುವುದು ಎಡ ಥ್ರೆಡ್ಡಿನ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ) ಮೇಲೆ. ಇಳಿಜಾರಿನಲ್ಲಿ ಪೆಡಲನ್ನು ಹಿಂದಕ್ಕೆ ಒತ್ತಿ ತಡೆದಾಗ ಕಾಗ್ ಬಿಚ್ಚಿಕೊಳ್ಳಲು ನೋಡುತ್ತದೆ. ಅದು ಹೊರಳುವ ದಿಕ್ಕಿನಲ್ಲೇ ಲಾಕ್‌ರಿಂಗ್ ಬಿಗಿಯಾಗುವುದರಿಂದ ಕಾಗ್ ಅಲ್ಲೇ ನಿಲ್ಲುತ್ತದೆ. ಸಾದಾ ಹಬ್ಬಿನಲ್ಲಿ ಆ ಎರಡನೇ ಥ್ರೆಡ್ ಇಲ್ಲ. ವೆಲ್ಡ್ ಎಷ್ಟೇ ಗಟ್ಟಿಯಿದ್ದರೂ ಇಡೀ ಫ್ರೀವೀಲ್ ಹಬ್ಬಿನಿಂದ ಕಳಚಿಕೊಳ್ಳಬಹುದು. ಅದೂ ನೀವು ತಡೆಯಲು ಒತ್ತಿದ ಕ್ಷಣದಲ್ಲೇ.

ಪ್ರಶ್ನೆ: ಹತ್ತುವುದು ಹೇಗೋ ಆಯಿತು. ಇಳಿಯುವಾಗ ಪೆಡಲ್ ಸುತ್ತುವ ವೇಗಕ್ಕೆ ಕಾಲು ಸಾಲುವುದಿಲ್ಲ. ಒಮ್ಮೆ ಚೈನೂ ಕಳಚಿತು.
— ಓದುಗರು, ಚಿಂತಾಮಣಿ

ಉತ್ತರ: ಫಿಕ್ಸಿಗೆ ನಿಜವಾದ ಅಪಾಯ ಇಳಿಜಾರೇ. 42/18ರಲ್ಲಿ 30 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 102 ಸುತ್ತು ತುಳಿಯಬೇಕು, 45ಕ್ಕೆ ಹೋದರೆ 153. ನಿಮ್ಮ ಮಿತಿಯನ್ನು 30ಕ್ಕೇ ಇಟ್ಟುಕೊಳ್ಳಿ, ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ. ಮುಂದೆ, ಹಿಂದೆ ಎರಡೂ ಕಡೆ ಬ್ರೇಕ್ ಇರಲೇಬೇಕು. ಒಂದನ್ನೇ ಹಿಡಿದುಕೊಂಡು ಇಳಿದರೆ ರಿಮ್ ಕಾಯುತ್ತದೆ, ಒಳಗಿನ ಟ್ಯೂಬಿಗೆ ಅಪಾಯ. ಸ್ವಲ್ಪ ಹೊತ್ತು ಮುಂದಿನದು, ಸ್ವಲ್ಪ ಹೊತ್ತು ಹಿಂದಿನದು, ಹೀಗೆ ಬದಲಿಸುತ್ತ ಬನ್ನಿ. ಪಾದ ಪೆಡಲಿಗೆ ಅಂಟಿಕೊಂಡಿರಬೇಕು, ಟೋ ಸ್ಟ್ರ್ಯಾಪ್ ಆದರೂ ಸರಿ, ಕ್ಲಿಪ್ ಶೂ ಆದರೂ ಸರಿ. ಕಾಲು ಜಾರಿದರೆ ಪೆಡಲ್ ನಿಲ್ಲುವುದಿಲ್ಲ, ಮೀನಖಂಡಕ್ಕೆ ಬಂದು ಬಡಿಯುತ್ತದೆ. ತಿರುವಿನಲ್ಲಿ ಒಳಗಿನ ಪೆಡಲನ್ನು ಮೇಲೆ ಹಿಡಿದಿಡಲು ಆಗದ ಕಾರಣ ಸೈಕಲನ್ನು ಹೆಚ್ಚು ವಾಲಿಸಬೇಡಿ. 165 ಎಂ.ಎಂ. ಕ್ರ್ಯಾಂಕ್ ಇದ್ದರೆ ಪೆಡಲ್ ನೆಲಕ್ಕೆ ತಾಗುವ ಭಯ ಕಡಿಮೆ.

ಚೈನ್ ಕಳಚಿದರೂ ನೀವು ಬೀಳದೆ ಉಳಿದದ್ದು ದೊಡ್ಡ ಅದೃಷ್ಟ. ಫಿಕ್ಸಿಯಲ್ಲಿ ಕಳಚಿದ ಚೈನ್ ಸಿಕ್ಕಿಕೊಂಡು ಹಿಂದಿನ ಚಕ್ರವನ್ನೇ ಕಚ್ಚಿ ನಿಲ್ಲಿಸಬಲ್ಲದು. ಚಕ್ರ ಎತ್ತಿ ಪೆಡಲನ್ನು ನಿಧಾನ ತಿರುಗಿಸಿ, ಚೈನ್ ಅತಿ ಬಿಗಿಯಾಗುವ ಜಾಗ ಹುಡುಕಿ. ಅಲ್ಲಿ ಕೆಳಗಿನ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಒಟ್ಟು ಅರ್ಧ ಇಂಚು ಆಡಬೇಕು. ಅದಕ್ಕಿಂತ ಬಿಗಿಯಾದರೆ ಹಬ್ಬಿನ ಬೇರಿಂಗ್ ಸವೆಯುತ್ತದೆ, ಸಡಿಲವಾದರೆ ಮತ್ತೆ ಕಳಚುತ್ತದೆ. ಚೈನ್‌ವೀಲೂ ಕಾಗೂ ಒಂದೇ ಗೆರೆಯಲ್ಲಿವೆಯೇ ಎಂದು ಹಿಂದಿನಿಂದ ಕಣ್ಣಿಟ್ಟು ನೋಡಿ. ತಿರುಗುತ್ತಿರುವ ಚೈನಿಗೆ ಬಟ್ಟೆ ಹಿಡಿದು ಒರೆಸಬೇಡಿ. ಬೆರಳು ಒಳಗೆ ಸಿಕ್ಕರೂ ಅದು ನಿಲ್ಲುವುದಿಲ್ಲ.

ಪ್ರಶ್ನೆ: ಕುಂಡಿ ನೋವಿಗೆ ಏನು ಮಾಡಲಿ?
— ಓದುಗರು, ಶಿಡ್ಲಘಟ್ಟ

ಉತ್ತರ: ಫಿಕ್ಸಿಯಲ್ಲಿ ಕಾಲಿಗೂ ಸೀಟಿಗೂ ಪುರುಸೊತ್ತಿಲ್ಲ. ಕಾಲು ಗಂಟೆಗೊಮ್ಮೆ ಎದ್ದು ನಿಂತು ಹತ್ತು ಹನ್ನೆರಡು ಸುತ್ತು ತುಳಿಯಿರಿ, 40 ಕಿ.ಮೀ.ಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಆ ಐದು ನಿಮಿಷದಲ್ಲೇ ಬಾಳೆಹಣ್ಣು, ಕಡಲೆ ಮಿಠಾಯಿ ತಿಂದು ಓಆರ್‌ಎಸ್ ನೀರು ಕುಡಿಯಿರಿ.